ಮೊಳಕೈವರೆಗೆ ಏರಿದ ಗೆರೆ

ಡಾಕ್ಟರ ಸಾಹೇಬರು ತೀರಿಕೊಂಡ ಸುದ್ದಿ ನನಗೆ ಮುಟ್ಟಿದ್ದು ಅವರು ಹೋಗಿ ವರ್ಷ ಕಳೆದ ಮೇಲೆ. ಬೀದರ ಕಡೆಯಿಂದ ಕಂಬಳಿ ಮಾರಲು ಬಂದವನೊಬ್ಬ ಮಾತಿಗೆ ಮಾತು ಬಂದು ಹೇಳಿದ. ನನಗೆ ಅಳು ಬರಲಿಲ್ಲ. ಅವರಿಗೂ ಯಾರು ಸತ್ತರೂ ಅಳು ಬರುತ್ತಿರಲಿಲ್ಲ, ಸಿಟ್ಟು ಬರುತ್ತಿತ್ತು. ಹೆಣದ ಮುಂದೆ ನಿಂತು, "ನಿನ್ನೆ ಯಾಕ ಬರಲಿಲ್ಲ? ಮೊನ್ನೆ ಯಾಕ ಬರಲಿಲ್ಲ?" ಎಂದು ಸತ್ತವನನ್ನೇ ಬೈಯುತ್ತಿದ್ದ ಮನುಷ್ಯ.

ಅವರ ಬಗ್ಗೆ ನಾಲ್ಕು ಮಾತು ಬರೆದಿಡೋಣವೆಂದು ಕೂತಿದ್ದೇನೆ. ನನಗೆ ಬರೆಯಲು ಬರುವುದು ಅಷ್ಟಕ್ಕಷ್ಟೆ. ಬಾಟಲಿ ಅದಲುಬದಲಾಗಿ ಯಾರಾದರೂ ಸತ್ತಾರೆಂದು ಅವರೇ ಬಾಟಲಿಗಳಿಗೆ ಕನ್ನಡದ ಚೀಟಿ ಅಂಟಿಸಿ ನನಗೆ ಅಕ್ಷರ ಕಲಿಸಿದ್ದು. ಬಾಟಲಿಯ ಚೀಟಿಯಲ್ಲಿ ಯಾರೂ ಸುತ್ತಿ ಬಳಸಿ ಬರೆಯುವುದಿಲ್ಲ. ನನಗೂ ಬರುವುದು ಅಷ್ಟೇ.

ನಿಜಾಮರ ಕಾಲ ಅದು. ದೂರದಲ್ಲೆಲ್ಲೋ ದೊಡ್ಡ ಯುದ್ಧ ನಡೆದಿತ್ತು. ಮಸ್ಕಿಯಲ್ಲಿ ಗುಡ್ಡದ ಬುಡಕ್ಕೆ ಎರಡು ಕೋಣೆಯ ಸರ್ಕಾರಿ ದವಾಖಾನೆ. ಸಾಹೇಬರು ಅಲ್ಲಿಯ ಡಾಕ್ಟರು, ನಾನು ಆಯಾ. ಕಸ ಹೊಡೆಯುವುದು, ಸೂಜಿ ಪಿಚಕಾರಿ ಕುದಿಸುವುದು, ಜನರನ್ನು ಸಾಲಿನಲ್ಲಿ ನಿಲ್ಲಿಸುವುದು, ಅವರ ಮನೆಯಲ್ಲಿ ರೊಟ್ಟಿ ಬಡಿಯುವುದು, ಎಲ್ಲ ನನ್ನ ಪಾಲಿಗೆ. ಗಂಡ ಬಿಟ್ಟವಳಿಗೆ ಇದಕ್ಕಿಂತ ಒಳ್ಳೆಯ ಕೆಲಸ ಆ ಊರಿನಲ್ಲಿ ಇರಲಿಲ್ಲ.

ಅವರು ಬೀದರದವರು. ಮನೆಮಾತು ಕನ್ನಡ, ಹೈದರಾಬಾದಿನಲ್ಲಿ ಓದಿದ್ದು ಉರ್ದುವಿನಲ್ಲಿ. ಔಷಧದ ಮಾತೆಲ್ಲ ಉರ್ದು, ಬೈಗುಳವೆಲ್ಲ ಕನ್ನಡ. ಉದ್ದನೆಯ ಆಳು, ಬಾಗಿದ ಕುತ್ತಿಗೆ. ಗಡ್ಡ ಒಂದು ಕೆನ್ನೆಗೆ ಬೋಳಿಸಿ ಇನ್ನೊಂದನ್ನು ಮರೆತು ಬರುತ್ತಿದ್ದರು. ಜನರ ಹೆಸರು ನೆನಪಿಡುತ್ತಿರಲಿಲ್ಲ, ಕೈಯಿಂದಲೇ ಗುರುತು ಹಿಡಿಯುತ್ತಿದ್ದರು. "ಆ ದಾರದಂಥ ನರದಾಕಿ ಬಂದಿದ್ದಳೇನು? ಆ ಜಾರೂ ನರದಾಂವ ಹ್ಯಾಂಗಿದ್ದಾನ?" ಎಂದು ಕೇಳುತ್ತಿದ್ದರು. ಒಮ್ಮೆ ಲಿಂಗಸುಗೂರಿನಿಂದ ತಹಸೀಲ್ದಾರರು ತಪಾಸಣೆಗೆ ಬಂದಾಗ ಸಲಾಮು ಮಾಡುವುದು ಬಿಟ್ಟು ಅವರ ಮುಂಗೈ ನೋಡಿ, "ವಾಹ್, ಏನು ನರ ಅವ ಸಾಹೇಬ!" ಎಂದುಬಿಟ್ಟರು. ತಹಸೀಲ್ದಾರರು ಕೈ ಹಿಂದಕ್ಕೆ ಎಳೆದುಕೊಂಡರು.

ಹಳ್ಳದಲ್ಲಿ ನೀರು ನಿಂತಿತೆಂದರೆ ಊರಿಗೆ ಊರೇ ನಡುಗುತ್ತ ಮಲಗುತ್ತಿತ್ತು. ಚಳಿಜ್ವರ. ಅದಕ್ಕೆ ಕ್ವಿನೈನು. ಕುಡಿದದ್ದನ್ನು ಕಕ್ಕುವವರಿಗೆ, ಜ್ವರ ತಲೆಗೇರಿದವರಿಗೆ ಅದನ್ನೇ ನರಕ್ಕೆ ಸೂಜಿಯಲ್ಲಿ ಕೊಡುವುದು. ಸಾಹೇಬರು ಸಣ್ಣ ಗಾಜಿನ ಬುಡ್ಡಿ ಒಡೆದು, ಅದರ ಔಷಧಕ್ಕೆ ಕುದಿಸಿ ಆರಿಸಿದ ಉಪ್ಪುನೀರು ಬೆರೆಸಿ, ದೊಡ್ಡ ಪಿಚಕಾರಿ ತುಂಬ ಮಾಡಿಕೊಳ್ಳುತ್ತಿದ್ದರು. ಕೊಡುವಾಗ ಸೂಜಿ ನೋಡುತ್ತಿರಲಿಲ್ಲ, ರೋಗಿಯ ಮುಖ ನೋಡುತ್ತಿದ್ದರು. ಮುಖ ಸ್ವಲ್ಪ ಕಿವಿಚಿದರೆ ಹೆಬ್ಬೆರಳು ನಿಲ್ಲುತ್ತಿತ್ತು. ಹೊತ್ತು ಹೋಗಬೇಕಲ್ಲ, ಮಾತಿಗೆ ಎಳೆಯುತ್ತಿದ್ದರು.

"ಹೋದ ಸಲ ಯಾವ ಕೈ?"

"ಎಡಗೈ ರೀ."

"ಈಗ ಬಲಗೈ ತಾ. ಎಮ್ಮಿ ಈದದೇನು?"

"ಈದೈತ್ರಿ."

"ಏನು ಕರಾ?"

"ಕೋಣಗರಾ ರೀ."

"ಥೂ ನಿನ್ನ ನಸೀಬ! ಹಾಲರ ಎಷ್ಟು ಕೊಡ್ತದ?"

ಹೊರಗೆ ಬಂದವನು ಸಾಲಿನವರಿಗೆ ಹೇಳುತ್ತಿದ್ದ: "ಸೂಜಿ ಚುಚ್ಚಿ ಸಂಸಾರ ಕೇಳ್ತಾನಲೇ ಇಂವ. ನನ್ನ ಬೀಗಾನೂ ಇಷ್ಟು ಕೇಳಿರಲಿಲ್ಲ."

ಒಂದು ದಿನ ನಾನೇ ಕೇಳಿದೆ. "ಸಾಹೇಬ್ರ, ಅಷ್ಟೇ ಅಷ್ಟು ಔಷಧಕ್ಕ ಇಷ್ಟ್ಯಾಕ ನೀರು ಬೆರೆಸ್ತೀರಿ? ಮಂದಿ ಆಡಿಕೊಳ್ಳಾಕತ್ಯಾರ."

ಅವರು ನೀಲಿ ಕಾಗದದ ಚೂರೊಂದನ್ನು ಔಷಧದ ಹನಿಗೆ ಮುಟ್ಟಿಸಿದರು. ಕಾಗದ ಕೆಂಪಾಯಿತು.

"ಹುಳಿ," ಎಂದರು. "ನಿಂಬಿಹಣ್ಣಿನಂಗ ಹುಳಿ ಅದ ಇದು. ನರದ ಒಳಗಿನ ತೊಗಲು ಕಣ್ಣಿನ ಒಳಗಿನ ತೊಗಲಿನಂಗ ನಾಜೂಕು. ಕಣ್ಣಾಗ ನಿಂಬಿಹಣ್ಣು ಹಿಂಡಿದ್ರ ಹ್ಯಾಂಗಿರ್ತದ?"

"ಹಂಗಾದ್ರ ಹುಳಿ ತಗದು ಚುಚ್ಚರಿ."

ಅವರು ಅದೇ ಔಷಧಕ್ಕೆ ಚಿಟಿಕೆ ಸೋಡಾ ಹಾಕಿದರು. ನೀರಿನಂತಿದ್ದದ್ದು ಒಡೆದ ಹಾಲಿನ ಹಾಗೆ ಬಿಳಿ ಬಿಳಿಯಾಗಿ ತಳಕ್ಕೆ ಕೂತಿತು.

"ನೋಡಿದೇನು? ಹುಳಿ ಇದ್ರನ ಇದು ನೀರಾಗಿ ಇರ್ತದ. ಹುಳಿ ತಗದ್ರ ಔಷಧಾನ ಕೆಳಗ ಕೂಡ್ತದ. ಇದನ್ನ ನರಕ್ಕ ಬಿಟ್ರ ಮನುಷ್ಯ ಅಲ್ಲೇ ಸಾಯ್ತಾನ. ಅದಕ್ಕ ಎರಡೇ ದಾರಿ. ನೀರು ಜಾಸ್ತಿ, ಕೈ ಆಸ್ತೆ. ಒಂದು ಹನಿ ಹೋಗಬೇಕು, ರಕ್ತ ಅದನ್ನ ತೊಳಕೊಂಡು ಮುಂದ ಹೋಗಬೇಕು, ಆಮ್ಯಾಲ ಇನ್ನೊಂದು ಹನಿ." ಆಮೇಲೆ ಪಿಚಕಾರಿ ಕೆಳಗಿಟ್ಟು, "ನರ ಅಂದ್ರ ದಾರಿ, ದುರಗವ್ವ. ಇವತ್ತು ಹೋದ ದಾರಿ ನಾಳಿಗೂ ಇರಬೇಕು. ಜ್ವರ ತಲಿಗೇರಿದ ದಿನ ದಾರಿ ಮುಚ್ಚಿದ್ರ ನಾ ಎಲ್ಲಿಂದ ಒಳಗ ಹೋಗ್ಲಿ?" ಎಂದರು.

ಅವರ ಹಟವೆಲ್ಲ ಇದೊಂದೇ. ಜನರ ನರ ಉಳಿಯಬೇಕು. ಮಿಕ್ಕದ್ದರಲ್ಲಿ ಅವರೂ ಎಲ್ಲ ಸರ್ಕಾರಿ ನೌಕರರ ಹಾಗೆಯೇ. ತಡವಾಗಿ ಬರುತ್ತಿದ್ದರು, ಮಧ್ಯಾಹ್ನ ಮಲಗುತ್ತಿದ್ದರು, ಊಟದಲ್ಲಿ ಪುಂಡಿಪಲ್ಯ ಇಲ್ಲದಿದ್ದರೆ ಮುಖ ಊದಿಸುತ್ತಿದ್ದರು.

ನಮ್ಮ ಜನಕ್ಕೆ ಉರಿದರೇ ಗುಣ. ಕಾಮಣಿಗೆ ಬರೆ, ಹೊಟ್ಟೆಶೂಲೆಗೆ ಬರೆ, ಕೂಸು ಸೊರಗಿದರೂ ಬರೆ. ನನ್ನ ಹೊಟ್ಟೆಯ ಮೇಲೂ ಬರೆಯ ಕಲೆಗಳಿವೆ. ಬದುಕಿದ್ದೇನಲ್ಲ, ಅದರಿಂದಲೇ ಬದುಕಿದೆನೆಂದು ನನ್ನವ್ವ ಸಾಯುವವರೆಗೆ ಹೇಳುತ್ತಿದ್ದಳು. ಇಂಥವರಿಗೆ ನೋಯದ ಸೂಜಿ ಕೊಟ್ಟರೆ ಏನಾದೀತು? ವಳಕಮದಿನ್ನಿಯ ಒಬ್ಬ ಮುದುಕಿ ನೇರವಾಗಿ ಕೇಳಿಯೇಬಿಟ್ಟಳು.

"ಏನ್ರಿ ಸಾಹೇಬ್ರ, ಗೌಳಿಗರು ಹಾಲಿಗೆ ಹಾಕಿದಂಗ ಔಷಧಕ್ಕ ನೀರು ಹಾಕ್ತೀರಂತ?"

ಸಾಹೇಬರು ಅವತ್ತು ತಾಳ್ಮೆಯಿಂದಿದ್ದರು. "ಮಜ್ಜಿಗಿ ಹುಳಿ ಆದ್ರ ನೀ ನೀರು ಹಾಕಂಗಿಲ್ಲೇನು, ಯಮ್ಮಾ?"

"ಮಜ್ಜಿಗಿಗೆ ಹಾಕ್ತೀನ್ರಿ. ಬರಿ ಹಾಕೂ ಕಬ್ಬಿಣಾನ ನೀರಾಗ ಅದ್ದಿ ಆರಿಸಿ ಇಡ್ತಾರೇನು?"

ಸಾಲಿಗೆ ಸಾಲೇ ನಕ್ಕಿತು. ನನಗೂ ನಗು ಬಂತು. ಸಾಹೇಬರ ಕಿವಿ ಕೆಂಪಾದವು.

ಅದೇ ಹೊತ್ತಿಗೆ ಸಂತೆಯ ದಿನ ಸಿಂಧನೂರಿನಿಂದ ಒಬ್ಬ ಸೂಜಿಯವನು ಬರತೊಡಗಿದ. ಎಲ್ಲೋ ಪಲ್ಟನ್ನಿನಲ್ಲಿ ಗಾಯಕ್ಕೆ ಪಟ್ಟಿ ಕಟ್ಟುತ್ತಿದ್ದವನಂತೆ. ಬಟ್ಟೆ ಅಂಗಡಿಯ ಕಟ್ಟೆಯ ಮೇಲೆ ಪೆಟ್ಟಿಗೆ ಬಿಚ್ಚಿ ಕೂಡುತ್ತಿದ್ದ. ಔಷಧ ಅದೇ ಕ್ವಿನೈನು, ಎಲ್ಲಿಂದ ತರುತ್ತಿದ್ದನೋ ದೇವರೇ ಬಲ್ಲ. ನೀರಿಲ್ಲ, ನಿಧಾನವಿಲ್ಲ. ಚುಚ್ಚಿ ಒಂದೇ ಸಲ ಒತ್ತಿಬಿಡುವುದು.

"ಉರಿ ಬಂತಾ?" ಎನ್ನುತ್ತಿದ್ದ.

"ಅಯ್ಯಯ್ಯಪ್ಪೋ, ಸತ್ತೆ! ಬಂತ್ರಿ!"

"ಹಾಂ, ಔಷಧ ಹೊಂಟೈತಿ."

ಮರುದಿನ ಸೂಜಿ ಚುಚ್ಚಿದ ಜಾಗದಿಂದ ಕೆಂಪು ಗೆರೆಯೊಂದು ಕೈಮೇಲೆ ಏಳುತ್ತಿತ್ತು. ನರ ಬೆಂದು ಬಾತು ಬರುವ ಗೆರೆ ಅದು. ಆದರೆ ಜನ ಅದನ್ನು ಔಷಧ ಏರುವ ಗೆರೆ ಎಂದು ತಿಳಿದರು. ಗೆರೆ ಎಷ್ಟು ಮೇಲೆ ಹೋದರೆ ಅಷ್ಟು ಗುಣ. ಮೊಳಕೈ ದಾಟಿದರೆ ಜ್ವರ ಆ ವರ್ಷ ತಿರುಗಿ ಬಾರದು, ಕಂಕುಳು ಮುಟ್ಟಿದರೆ ಜನ್ಮದಲ್ಲೇ ಬಾರದು. ಬಾವಿಕಟ್ಟೆಯ ಮೇಲೆ ಹೆಂಗಸರು ತೋಳು ಚಾಚಿ ಪಂದ್ಯ ಕಟ್ಟಿದವರಂತೆ ಕೂಡುತ್ತಿದ್ದರು.

"ನಂದು ಮೊಳಕೈತನ ಬಂದೈತಿ ನೋಡಬೇ. ನಿಂದೆಲ್ಲೈತಿ?"

"ನಂದು ಇನ್ನೂ ಮುಂಗೈಯಾಗೇ ಕುಂತೈತಿ. ನನ್ನ ಹಣೇಬರಾನ ಅಷ್ಟು."

ಆ ಗೆರೆಗೆ ಬಿಸಿ ಉಪ್ಪುನೀರಿನ ಬಟ್ಟೆ ಕಟ್ಟಿರೆಂದು ಸಾಹೇಬರು ಹೇಳಿದರೆ ಯಾರೂ ಕಟ್ಟಲಿಲ್ಲ. ಕಟ್ಟಿದರೆ ಔಷಧ ಕೆಳಗಿಳಿಯುತ್ತದಂತೆ. ಕೆಲವು ದಿನಕ್ಕೆ ಗೆರೆ ಕಪ್ಪಾಗಿ, ಕೆಳಗಿನ ನರ ಹುರಿಯಂತೆ ಗಟ್ಟಿಯಾಗುತ್ತಿತ್ತು. ಅದನ್ನೂ ಮುಟ್ಟಿ ಮುಟ್ಟಿ ತೋರಿಸಿ, "ನರ ಗಟ್ಟಿ ಆಗೈತಿ" ಎಂದು ಹಿಗ್ಗುತ್ತಿದ್ದರು. ದವಾಖಾನೆಯ ಸಾಲು ಬೇವಿನ ಗಿಡದವರೆಗೆ ಇದ್ದದ್ದು ಬಾಗಿಲಿಗೆ ಬಂತು. ಬಂದವರೂ ಕಣ್ಣುನೋವು, ಕಿವಿಸೋರಿಕೆಯವರು.

ಆಗ ಸಾಹೇಬರು ಒಂದು ಹುಚ್ಚು ಕೆಲಸ ಮಾಡಿದರು. ಜನರ ಮೇಲಿನ ಕರುಣೆಯಿಂದ ಎಂದು ನಾನು ಹೇಳುವುದಿಲ್ಲ. ಅದು ಸೊಕ್ಕು. ತನ್ನ ಮಾತೇ ಖರೆ ಎಂದು ತೋರಿಸುವ ಓದಿದವರ ಸೊಕ್ಕು.

ಸಂತೆಯ ದಿನ ಬೇವಿನ ಗಿಡದ ಕೆಳಗೆ ಕುರ್ಚಿ ಹಾಕಿಸಿ, ಅಂಗಿಯ ಎರಡೂ ತೋಳು ಮಡಚಿ ಕೂತರು. ತಳವಾರನಿಂದ ಡಂಗುರ ಹೊಡೆಸಿದ್ದರು, ಜನ ನೆರೆಯಿತು. "ಎಲ್ಲಾರೂ ನೋಡ್ರಿ. ಎರಡೂ ಅದೇ ಔಷಧ. ಎಡಗೈಗೆ ಸಿಂಧನೂರಿನವನ ಪದ್ಧತಿ, ಬಲಗೈಗೆ ನನ್ನ ಪದ್ಧತಿ. ನಾಳೆ ಬಂದು ಯಾವ ಕೈ ಹಾಳಾಗ್ಯದ ನೀವೇ ಹೇಳ್ರಿ," ಎಂದರು. ಮೊದಲು ಎಡಗೈಗೆ ನೀರಿಲ್ಲದ್ದನ್ನು ತಾವೇ ಚುಚ್ಚಿಕೊಂಡು ಒಂದೇ ಸಲಕ್ಕೆ ಒತ್ತಿದರು. ಹಲ್ಲು ಕಚ್ಚಿದರು, ಹಣೆಯಲ್ಲಿ ಬೆವರು ಬಂತು. ಬಲಗೈಗೆ ನೀರು ಬೆರೆಸಿದ್ದನ್ನು ನಾನು ಒತ್ತಿದೆ, ಅವರು ನಿಲ್ಲು ಅಂದಾಗ ನಿಲ್ಲಿಸಿ, ನಡೆ ಅಂದಾಗ ನಡೆಸಿ. ಅದು ಮುಗಿಯುವಷ್ಟರಲ್ಲಿ ಅರ್ಧ ಮಂದಿ ಮೆಣಸಿನಕಾಯಿ ಕೊಳ್ಳಲು ಎದ್ದು ಹೋಗಿದ್ದರು.

ಮರುದಿನ ಮಾತ್ರ ಎಲ್ಲರೂ ಬಂದರು. ಸಾಹೇಬರು ಎರಡೂ ತೋಳು ಮುಂದೆ ಚಾಚಿದರು. ಬಲಗೈ ನಿನ್ನೆ ಇದ್ದ ಹಾಗೇ ಇತ್ತು. ಎಡಗೈ ಬಾತಿತ್ತು, ಕುಂಕುಮದಲ್ಲಿ ಎಳೆದ ಹಾಗೆ ಗೆರೆ ಮೊಳಕೈವರೆಗೆ ಏರಿತ್ತು.

"ಈಗ ಹೇಳ್ರಿ," ಎಂದರು.

ವಳಕಮದಿನ್ನಿಯ ಆ ಮುದುಕಿಯೇ ಮುಂದೆ ಬಂದಳು. ಎಡಗೈ ಮುಟ್ಟಿ ನೋಡಿದಳು, ಬಲಗೈ ಮುಟ್ಟಿ ನೋಡಿದಳು. ಆಮೇಲೆ ಜನರ ಕಡೆ ತಿರುಗಿ ಹೇಳಿದಳು:

"ಎಡಗೈದು ಹತ್ತೈತಿ. ಬಲಗೈದು ಹತ್ತಿಲ್ಲ. ಪಾಪ, ಸಾಹೇಬ್ರು ಖರೇ ಮನುಷ್ಯಾರು, ತಮ್ಮ ಸೂಜಿ ಹತ್ತಂಗಿಲ್ಲ ಅಂತ ತಾವೇ ತೋರಿಸ್ಯಾರ."

ಜನ ತಲೆದೂಗಿದರು. ಯಾರೂ ಗೇಲಿ ಮಾಡಲಿಲ್ಲ. ಅದೇ ಕೆಟ್ಟದ್ದು. ನಿಜವಾಗಿಯೂ ಮೆಚ್ಚಿಕೊಂಡು ಹೋದರು. ಆ ಮುಂದಿನ ಸಂತೆಯಲ್ಲಿ ಬಟ್ಟೆ ಅಂಗಡಿಯ ಕಟ್ಟೆಗೆ ಕಾಲಿಡಲು ಜಾಗವಿರಲಿಲ್ಲ.

ಸಾಹೇಬರ ಹೆಂಡತಿಯನ್ನು ನಾನು ಅಕ್ಕಾರು ಎನ್ನುತ್ತಿದ್ದೆ. ವಯಸ್ಸಿನಲ್ಲಿ ನನಗಿಂತ ಸಣ್ಣವರು. ತೆಳ್ಳಗೆ, ಚುರುಕು ಮಾತು. ಮಸ್ಕಿಗೆ ಬಂದ ಮೊದಲ ಮಳೆಗಾಲಕ್ಕೇ ಅವರಿಗೂ ಚಳಿಜ್ವರ ಹತ್ತಿತ್ತು. ಸಾಹೇಬರು ಕೊಟ್ಟರೆ ಬಿಡುತ್ತಿತ್ತು, ಮತ್ತೆ ಬರುತ್ತಿತ್ತು. ಆ ಜ್ವರದ ಗುಣವೇ ಹಾಗೆ. ಹಿಂದಿನ ವರ್ಷ ಹೊಟ್ಟೆಯಲ್ಲಿ ನಿಂತ ಕೂಸು ಜ್ವರದ ಜೊತೆಗೇ ಹೋಗಿತ್ತು.

ಸಾಹೇಬರು ಜನಕ್ಕೆ ಎರಡೂ ಕೈ ತೋರಿಸಿ ಬಂದ ದಿನ ಅಕ್ಕಾರು ಗಂಡನ ಎಡಗೈಗೆ ಬಿಸಿ ಬಟ್ಟೆ ಒತ್ತುತ್ತ ಕೂತಿದ್ದರು. ನಾನು ರೊಟ್ಟಿ ಬಡಿಯುತ್ತಿದ್ದೆ.

"ಇದು ಉರೀಲಾಕತ್ತದೇನ್ರಿ?"

"ಉರೀಲಾಕತ್ತದ."

"ಆ ಕೈ?"

"ಏನೂ ಇಲ್ಲ."

"ಮತ್ತ ಇಷ್ಟು ದಿನ ನನಗ ಆ ಕೈದೇ ಕೊಟ್ಟೀರಿ."

ಸಾಹೇಬರು ಚೇಷ್ಟೆ ಎಂದುಕೊಂಡು ನಕ್ಕರು. ಅಕ್ಕಾರು ನಗಲಿಲ್ಲ. ಒಲೆಯ ಮುಂದಿನಿಂದ ನನಗೆ ಅದು ಕಂಡಿತು, ಪಕ್ಕದಲ್ಲೇ ಕೂತವರಿಗೆ ಕಾಣಲಿಲ್ಲ.

ಸ್ವಲ್ಪ ದಿನಕ್ಕೆ ತುರ್ವಿಹಾಳದ ಕಡೆ ವಾಂತಿಭೇದಿ ಬಿದ್ದಿತು. ಸಾಹೇಬರಿಗೆ ಅಲ್ಲಿಗೆ ಹೋಗಲು ಹುಕುಂ ಬಂತು. ಹೊರಡುವಾಗ ಹೆಂಡತಿಗೆ ಕುಡಿಯುವ ಔಷಧ ತೋರಿಸಿಕೊಟ್ಟು, "ಬಾಟ್ಲಿ ಬಿಡಬ್ಯಾಡ. ಭಾಳ ಆದ್ರ ನನಗ ಹೇಳಿ ಕಳಸು. ಕೈಗೆ ಮಾತ್ರ ಯಾರನ್ನೂ ಮುಟ್ಟಿಸಬ್ಯಾಡ," ಎಂದರು.

"ನೀವು ಜ್ವಾಕಿ," ಎಂದಷ್ಟೇ ಹೇಳಿದರು ಅಕ್ಕಾರು.

ಗಂಡ ಹೋದ ಮೇಲೆ ಜ್ವರ ಬಂತು. ಕುಡಿದ ಔಷಧ ಹೊಟ್ಟೆಯಲ್ಲಿ ನಿಲ್ಲಲಿಲ್ಲ. ಸಂತೆಯ ದಿನ ಅಕ್ಕಾರು ಸೆರಗು ಹೊದ್ದು ಹೊರಟು ನಿಂತಾಗ ನಾನು ಬಾಗಿಲಿಗೆ ಅಡ್ಡ ಬಂದೆ.

"ಬ್ಯಾಡ ಅಕ್ಕಾರ. ಸಾಹೇಬ್ರು ಏನು ಹೇಳಿ ಹೋಗ್ಯಾರ?"

"ಅವರು ಹೇಳಿದ್ದು ಬಂದಾಗಿಂದ ಕೇಳೀನಿ. ಕೂಸು ಹೋತು. ಇನ್ನೊಂದು ನಿಂತ್ರ ಅದನ್ನೂ ಈ ಜ್ವರಕ್ಕ ಕೊಡ್ಲೇನು?"

"ತುರ್ವಿಹಾಳಕ್ಕ ಹೇಳಿ ಕಳಸ್ತೀನಿ. ಬರ್ತಾರ."

"ಬಂದು ಏನು ಕೊಡ್ತಾರ? ಅವರ ಬಲಗೈಯಾಗ ಏನೂ ಏರಲಿಲ್ಲ, ದುರಗವ್ವ. ನನ್ನ ಕಣ್ಣಿಲೆ ನೋಡೀನಿ. ದಾರಿ ಬಿಡು."

ಬಿಟ್ಟೆ. ಮನೆಯೊಡತಿ ಹೋಗುತ್ತೇನೆಂದರೆ ಆಯಾ ಎಷ್ಟು ಹೊತ್ತು ಬಾಗಿಲಿಗೆ ಅಡ್ಡ ನಿಂತಾಳು? 

ಬರುವಾಗ ಕಣ್ಣಲ್ಲಿ ನೀರು, ಬಾಯಲ್ಲಿ ನಗು. ಮರುದಿನ ನಾನು ಇನ್ನೂ ಅಂಗಳ ಗುಡಿಸುತ್ತಿದ್ದೆ, ಒಳಗಿಂದ ಕೂಗಿದರು: "ಬಾ ಬಾ, ನೋಡು ಬಾ! ಏರ್ಯದ!" ತೋಳು ಚಾಚಿ ತೋರಿಸಿದರು, ಹೊಸ ಬಳೆ ತೋರಿಸುವ ಹಾಗೆ. ಗೆರೆ ಮೊಳಕೈ ಮುಟ್ಟಿತ್ತು.

ಜ್ವರ ಬಿಟ್ಟಿತು. ಸುಳ್ಳು ಹೇಳಬಾರದು, ಬಿಟ್ಟಿತು. ಅಕ್ಕಾರು ತಲೆ ತೊಳೆದುಕೊಂಡರು, ಹೋಳಿಗೆ ಮಾಡಿದರು. ಹೋಳಿಗೆ ತಿಂದ ಬಾಯಿ ಆರುವ ಮೊದಲೇ ಮತ್ತೆ ನಡುಕ. ಮುಂದಿನ ಸಂತೆಗೆ ಇನ್ನೊಂದು ಕೈ. ಅದರ ಮುಂದಿನದಕ್ಕೆ ಎರಡೂ ಕೈಯ ನರ ಸೂಜಿಗೆ ಸಿಗದಷ್ಟು ಗಟ್ಟಿಯಾಗಿದ್ದವು. ಆ ಸಿಂಧನೂರಿನವನು ಕಾಲಿನ ನರಗಳಿಗೂ ಚುಚ್ಚಿ ಕಳಿಸಿದ. ಅಕ್ಕಾರು ಕುಂಟುತ್ತ ಬಂದರು. "ಕಾಲಿನಿಂದ ಏರಿದ್ರ ಮೈ ತುಂಬ ಏರ್ತದಂತ," ಎಂದರು.

ಆಮೇಲೆ ಒಂದು ಮಧ್ಯಾಹ್ನ ಜ್ವರ ತಲೆಗೇರಿತು. ನನ್ನ ಗುರುತು ಹತ್ತಲಿಲ್ಲ, ನನ್ನನ್ನು ಅವ್ವಾ ಎಂದು ಕರೆದು ಬೀದರದ ಮಾತು ಆಡತೊಡಗಿದರು. ತಳವಾರನನ್ನು ಕುದುರೆಯ ಮೇಲೆ ತುರ್ವಿಹಾಳಕ್ಕೆ ಓಡಿಸಿದೆ. ಮರುದಿನ ಬೆಳಿಗ್ಗೆ ಸಾಹೇಬರು ಬಂದಿಳಿದಾಗ ಅಕ್ಕಾರಿಗೆ ಮಾತೂ ಇರಲಿಲ್ಲ. ಕಣ್ಣು ತೆರೆದಿದ್ದವು, ನೋಟ ಇರಲಿಲ್ಲ.

ಸಾಹೇಬರು ಗಾಬರಿಯಾಗಲಿಲ್ಲ. ಇಂಥ ಬಹಳ ಮಂದಿಯನ್ನು ಅವರು ಎಬ್ಬಿಸಿದ್ದರು. ಬುಡ್ಡಿ ಒಡೆದರು, ಉಪ್ಪುನೀರು ಬೆರೆಸಿದರು, ಹೆಂಡತಿಯ ತೋಳಿನ ಮೇಲಿನ ಸೆರಗು ಸರಿಸಿದರು.

ರಬ್ಬರು ಕಟ್ಟಿದರು, ತಟ್ಟಿದರು, ಬೆರಳಾಡಿಸಿದರು. ಪುಂಡಿನಾರಿನ ಹುರಿಯ ಹಾಗೆ ಗಟ್ಟಿಯಾದ ನರ ಚರ್ಮದ ಕೆಳಗೆ ಉರುಳುತ್ತಿತ್ತು. ಇನ್ನೊಂದು ತೋಳು ನೋಡಿದರು. ಕಾಲು ನೋಡಿದರು.

"ಯಾರು?" ಎಂದರು, ನನ್ನ ಕಡೆ ನೋಡದೆ.

"ಸಿಂಧನೂರಿನಂವ ರೀ."

"ಕರಕೊಂಡು ಹೋದವರು ಯಾರು?"

"ಅಕ್ಕಾರು ತಾವೇ ಹೋಗ್ಯಾರ್ರಿ. ನಾ ಬ್ಯಾಡಂದೆ, ಕೇಳಲಿಲ್ಲ."

ಅವರು ಬೈಯಲಿಲ್ಲ. ಹೆಂಡತಿಯನ್ನೂ ಬೈಯಲಿಲ್ಲ, ನನ್ನನ್ನೂ ಬೈಯಲಿಲ್ಲ. ಆಗ ನನಗೆ ಹೆದರಿಕೆಯಾಯಿತು.

ಅಲ್ಲಿ ಇಲ್ಲಿ ಚುಚ್ಚಿ ನೋಡಿದರು. ಪಿಚಕಾರಿಯಲ್ಲಿ ರಕ್ತ ಕಾಣಲಿಲ್ಲ, ಔಷಧ ಒಳಗೆ ಹೋಗಲಿಲ್ಲ. ಕಡೆಗೆ ತೊಡೆಯ ಮಾಂಸಕ್ಕೆ ಕೊಟ್ಟರು. ಅಷ್ಟರಲ್ಲಿ ಕೈಕಾಲು ತಣ್ಣಗಾಗಿದ್ದವು, ಮಾಂಸದಿಂದ ಔಷಧ ಎತ್ತಿ ಒಯ್ಯುವಷ್ಟು ರಕ್ತ ಓಡುತ್ತಿರಲಿಲ್ಲ. ಕೊಟ್ಟದ್ದು ಕೊಟ್ಟಲ್ಲೇ ಗಂಟಾಗಿ ಕೂತಿತು.

ಲಿಂಗಸುಗೂರಿನಲ್ಲಿ ಚರ್ಮ ಕೊಯ್ದು ಆಳದ ನರ ಹುಡುಕಿ ಸೂಜಿ ಹಾಕಬಲ್ಲ ದೊಡ್ಡ ಡಾಕ್ಟರಿದ್ದರು. ಗಾಡಿ ಕಟ್ಟಿಸಿದರು. ಕೆಳಗೆ ಹುಲ್ಲು, ಮೇಲೆ ಕಂಬಳಿ, ಅದರ ಮೇಲೆ ಅಕ್ಕಾರು. ಒಂದು ಕಡೆ ನಾನು, ಒಂದು ಕಡೆ ಅವರು. ಬಿಸಿಲು ಏರುತ್ತಿತ್ತು. ಗಾಡಿಯವನು ಎತ್ತುಗಳ ಬಾಲ ಮುರಿಯುತ್ತಿದ್ದ. ಸಾಹೇಬರು ದಾರಿಯುದ್ದಕ್ಕೂ ಬಟ್ಟೆಯನ್ನು ಬಿಸಿನೀರಿನಲ್ಲಿ ಅದ್ದಿ ಆ ತೋಳಿಗೆ ಒತ್ತುವುದು, ಬೆರಳಿನಿಂದ ಹುಡುಕುವುದು, ಮತ್ತೆ ಒತ್ತುವುದು. ಒಮ್ಮೆ ತಮ್ಮಷ್ಟಕ್ಕೆ ತಾವೇ ಹೇಳಿದರು:

"ಇಲ್ಲೊಂದು ಇತ್ತು. ಮಣಿಕಟ್ಟಿನ ಹಿಂದ, ಹಸರು ನರ. ಮದುವ್ಯಾಗ ಬಳಿ ಇಡಸೂ ಮುಂದ ನೋಡಿದ್ದೆ."

ಅರ್ಧ ದಾರಿಯಲ್ಲಿ ಅಕ್ಕಾರ ಉಸಿರು ನಿಂತಿತು. ನನಗೆ ಮೊದಲು ತಿಳಿಯಿತು. ಅವರಿಗೆ ಹೇಳಲು ಸ್ವಲ್ಪ ಹೊತ್ತು ತೆಗೆದುಕೊಂಡೆ, ಯಾಕೆಂದರೆ ಅವರು ಇನ್ನೂ ಹುಡುಕುತ್ತಿದ್ದರು. ಕೊನೆಗೆ, "ಸಾಕ್ರಿ ಸಾಹೇಬ್ರ," ಎಂದೆ. ಗಾಡಿಯವನು ಕೇಳದೆಯೇ ಎತ್ತು ತಿರುಗಿಸಿದ.

ದಿನಕರ್ಮ ಮುಗಿದ ಮೇಲೆ ಆ ಸೂಜಿಯವನು ಮನೆಗೆ ಬಂದ. ಅವನು ಕೆಟ್ಟವನೆಂದು ಬರೆಯಲು ನನಗೆ ಮನಸ್ಸಿಲ್ಲ. ಪೆಟ್ಟಿಗೆ ತಂದಿರಲಿಲ್ಲ, ರುಮಾಲು ಕೈಯಲ್ಲಿ ಹಿಡಿದು ಅಂಗಳದಲ್ಲೇ ನಿಂತ. ಸಾಹೇಬರು ಪಡಸಾಲೆಯಲ್ಲಿ ಕೂತಿದ್ದರು.

"ಸಾಹೇಬ್ರ, ಸೆರಗು ಹೊತ್ಕೊಂಡು ಬರತಿದ್ರು. ನಿಮ್ಮ ಮನಿಯವ್ರು ಅಂತ ದೇವ್ರಾಣಿ ಗೊತ್ತಿದ್ದಿಲ್ರಿ."

"ಗೊತ್ತಿದ್ರ ಏನು ಮಾಡ್ತಿದ್ದಿ? ನೀರು ಹಾಕ್ತಿದ್ದಿಯೇನು?"

ಅವನು ಸುಳ್ಳು ಹೇಳಿ ಪಾರಾಗಬಹುದಿತ್ತು, ಹೇಳಲಿಲ್ಲ.

"ನೀರು ಹಾಕಿದ್ರ ಅವ್ರು ಬರತಿದ್ದಿಲ್ರಿ. ಯಾರೂ ಬರಂಗಿಲ್ರಿ."

ಅವನು ರುಮಾಲು ಸುತ್ತಿಕೊಂಡು ಹೋದ. ಪಡಸಾಲೆಯಲ್ಲಿ ಬಿಸಿಲು ಬಂದು ಅವರ ಕಾಲ ಮೇಲೆ ಬಿತ್ತು, ಆಮೇಲೆ ಸರಿದು ಹೋಯಿತು. ಅವರು ಏಳಲಿಲ್ಲ.

ಮರುದಿನ ನಾನು ದವಾಖಾನೆಯ ಒಲೆ ಹೊತ್ತಿಸಿ ಉಪ್ಪುನೀರಿನ ಪಾತ್ರೆ ಇಟ್ಟೆ. ಸಾಹೇಬರು ಬಂದವರೇ ಅದನ್ನು ಇಳಿಸಿದರು.

"ಇದು ಬ್ಯಾಡ. ಪಿಚಕಾರಿ ಅಷ್ಟೇ ಕುದಿಸು."

"ನೀರಿಲ್ಲದ ಹ್ಯಾಂಗ್ರಿ?"

"ಬಾಯಿ ಮುಚ್ಚು ದುರಗವ್ವ. ಹೇಳಿದಷ್ಟು ಮಾಡು."

ನಾನು ಎಷ್ಟೋ ಸಲ ಯೋಚಿಸಿದ್ದೇನೆ. ಜನ ಆ ಕಟ್ಟೆಗೆ ಹೋಗುವ ಬದಲು ಇಲ್ಲಿಗಾದರೂ ಬರಲಿ, ಕುದಿಸಿದ ಸೂಜಿಯಿಂದಾದರೂ ಚುಚ್ಚಿಸಿಕೊಳ್ಳಲಿ ಎಂದುಕೊಂಡರೋ, ಇಲ್ಲ ಅವರ ಒಳಗಿನ ಹಟವೇ ಮುಗಿದುಹೋಗಿತ್ತೋ. ಕೇಳುವ ಧೈರ್ಯ ನನಗಿರಲಿಲ್ಲ. ಕೇಳಿದ್ದರೂ ಅವರಿಗೆ ಗೊತ್ತಿರುತ್ತಿತ್ತೆಂದು ಅನಿಸುವುದಿಲ್ಲ.

ಮೊದಲು ಬಂದವಳು ಸಣ್ಣ ವಯಸ್ಸಿನ ಬಾಣಂತಿ. ಚಳಿಜ್ವರಕ್ಕೆ ಸಂತೆಯವರೆಗೆ ಕಾಯಲಾರದೆ ಬಂದಿದ್ದಳು. ಕೂಸನ್ನು ನನ್ನ ಕೈಗೆ ಕೊಟ್ಟು ತೋಳು ಚಾಚಿದಳು. ಒಳ್ಳೆಯ ನರ. ನನಗೂ ಅಷ್ಟರಲ್ಲಿ ಅದು ತಿಳಿಯುತ್ತಿತ್ತು. ಸಾಹೇಬರು ಬುಡ್ಡಿ ಒಡೆದರು, ಇದ್ದ ಹಾಗೇ ಎಳೆದುಕೊಂಡರು, ಚುಚ್ಚಿದರು, ಒಂದೇ ಸಲಕ್ಕೆ ಒತ್ತಿದರು. ಒಂದು ಮಾತೂ ಆಡಲಿಲ್ಲ. ಅವಳು ಕಿರುಚಿದಳು, ಕಣ್ಣಲ್ಲಿ ನೀರು ಸುರಿಯಿತು. ಆಮೇಲೆ ಸೆರಗಿನಿಂದ ಮುಖ ಒರೆಸಿಕೊಂಡು ನಕ್ಕಳು.

"ಬಂತ್ರಿ ಸಾಹೇಬ್ರ, ಉರಿ ಬಂತು! ಈಗ ಖರೇ ಡಾಕ್ಟರ್ ಆದ್ರಿ ನೋಡ್ರಿ," ಎಂದಳು. ಬಾಗಿಲಲ್ಲಿ ನಿಂತವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಒಬ್ಬ ಸುದ್ದಿ ಹೇಳಲು ಪೇಟೆಯ ಕಡೆ ಓಡಿದ.

ಅವಳು ಏಳದೆ ತೋಳು ಚಾಚಿಕೊಂಡೇ ಕೂತಳು, ಗೆರೆ ಯಾವಾಗ ಏರೀತೆಂದು. ಸಾಹೇಬರೂ ಬಗ್ಗಿ ಅದೇ ಜಾಗವನ್ನೇ ನೋಡುತ್ತ ನಿಂತರು. ಗೆರೆ ಏರುವುದು ಮರುದಿನಕ್ಕೆ. ಅದು ಇಬ್ಬರಿಗೂ ಗೊತ್ತಿತ್ತು. ನಾನು ಕೂಸನ್ನು ಅವಳ ಮಡಿಲಿಗೆ ಹಾಕಿ ಮುಂದಿನವರನ್ನು ಕರೆದೆ.